ಕೆಂಬಾಗಿಲುಗಳ ಹಿಂದಿನ ಗದ್ದೆ

ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೋದಲ್ಲಿ ನಾರಾ ಕಡೆಗೆ ಹೊರಡುವ ರೈಲನ್ನೇರಿದರೆ ಎರಡನೆಯ ನಿಲ್ದಾಣವೇ ಇನಾರಿ. ಐದು ನಿಮಿಷಗಳ ಪ್ರಯಾಣ. ನಿಲ್ದಾಣದಿಂದ ಹೊರಕ್ಕೆ ಕಾಲಿಟ್ಟೊಡನೆಯೇ ಬೀದಿಯ ಆಚೆಗೆ ಇಂಗಳೀಕದ ಬಣ್ಣ ಬಳಿದ ಎತ್ತರವಾದ ದ್ವಾರವೊಂದು ಎದುರಾಗುತ್ತದೆ. ಅದು ಫುಶಿಮಿ ಇನಾರಿ ಮಹಾದೇಗುಲದ ಮೊದಲ ಬಾಗಿಲು. ಅಲ್ಲಿ ಪ್ರವೇಶಕ್ಕೆ ಹಣ ಕೇಳುವವರಿಲ್ಲ, ಹೊತ್ತು ಮೀರಿತೆಂದು ತಡೆಯುವವರಿಲ್ಲ. ನಡುರಾತ್ರಿಯಲ್ಲಿ ಬಂದವನೂ ಒಳಹೊಕ್ಕು ಬೆಟ್ಟವನ್ನೇರಬಹುದು. ಹೊಸ ವರ್ಷದ ಮೊದಲ ಮೂರು ದಿನಗಳಲ್ಲಿ ಇಲ್ಲಿಗೆ ಬರುವವರ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರುವುದುಂಟು.

ಬರುವವರಲ್ಲಿ ಬಹುಮಂದಿಗೆ ಬೇಕಾದದ್ದು ಬಾಗಿಲುಗಳ ಸಾಲು. ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಕದವೆಂಬುದು ಇಲ್ಲ. ಇದಕ್ಕೆ ಜಪಾನೀಯರು ‘ತೊರಿಯಿ’ ಎನ್ನುತ್ತಾರೆ. ನಮ್ಮ ತೋರಣ ಶಬ್ದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಕೆಲವರು ಊಹಿಸಿದ್ದಾರೆ; ಪಂಡಿತರಲ್ಲಿ ಅದಕ್ಕೆ ಒಮ್ಮತವಿಲ್ಲ. ಇನಾರಿ ಬೆಟ್ಟದ ಎತ್ತರ 233 ಮೀಟರು ಮಾತ್ರ. ಅದನ್ನು ಸುತ್ತಿ ಬರುವ ಸುಮಾರು ನಾಲ್ಕು ಕಿಲೋಮೀಟರುಗಳ ದಾರಿಯಲ್ಲಿ ಇಂತಹ ಬಾಗಿಲುಗಳು ಹತ್ತಿರ ಹತ್ತಿರ ಹತ್ತು ಸಾವಿರ ಇವೆಯೆಂದು ಲೆಕ್ಕ. ಕೆಲವೆಡೆ ಒಂದಕ್ಕೊಂದು ಎಷ್ಟು ಒತ್ತಾಗಿ ನಿಂತಿವೆಯೆಂದರೆ, ನಡುಹಗಲಿನ ಬಿಸಿಲೂ ಕೆಂಪಾಗಿ ಸೋಸಿ ನೆಲಕ್ಕೆ ಬೀಳುತ್ತದೆ. ಆ ಕೆಂಪು ಬರಿಯ ಚೆಲುವಿಗಾಗಿ ಬಂದದ್ದಲ್ಲ. ಪಾದರಸದ ಅದಿರಿನಿಂದ ಪಡೆದ ಆ ಬಣ್ಣ ಮರವನ್ನು ಕೊಳೆಯದಂತೆ ಕಾಯುತ್ತದೆಂಬುದು ಹಿಂದಿನವರು ಕಂಡುಕೊಂಡ ಉಪಾಯ. ಆದರೂ ಜಪಾನಿನ ಮಳೆ ಬಿಡುವುದಿಲ್ಲ. ಕೆಲವು ವರ್ಷಗಳಲ್ಲಿ ಕಂಬಗಳ ಬುಡ ಮೆತ್ತಗಾಗುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ನೆಡುವ ಕೆಲಸ ಬೆಟ್ಟದ ಮೇಲೆ ಎಂದೂ ಮುಗಿಯುವುದಿಲ್ಲ.

ಏರುವಾಗ ಕಂಬಗಳ ಬೋಳು ಮೈ ಮಾತ್ರ ಕಾಣುತ್ತದೆ. ಇಳಿದು ಬರುವವನಿಗೆ ಪ್ರತಿಯೊಂದು ಕಂಬದ ಬೆನ್ನಿನ ಮೇಲೂ ಕಪ್ಪಕ್ಷರಗಳು ಗೋಚರಿಸುತ್ತವೆ. ಒಂದು ಕಂಬದಲ್ಲಿ ಕಾಣಿಕೆಯ ತಿಂಗಳು ವರ್ಷಗಳು, ಇನ್ನೊಂದರಲ್ಲಿ ಕೊಟ್ಟವರ ಹೆಸರು. ಓದಬಲ್ಲವರನ್ನು ಕೇಳಿದರೆ ಅವು ರಾಜರ ಹೆಸರುಗಳೂ ಅಲ್ಲ, ಸಾಧುಗಳ ಹೆಸರುಗಳೂ ಅಲ್ಲವೆಂದು ತಿಳಿಯುತ್ತದೆ. ಕಟ್ಟಡದ ಗುತ್ತಿಗೆದಾರರು, ಹೋಟೆಲಿನ ಒಡೆಯರು, ಜವಳಿ ಅಂಗಡಿಗಳು, ಕೂಡುಬಂಡವಾಳದ ಸಂಸ್ಥೆಗಳು. ಜಪಾನೀ ಭಾಷೆಯಲ್ಲಿ ‘ತೋರು’ ಎಂಬ ಕ್ರಿಯಾಪದಕ್ಕೆ ಹಾದುಹೋಗುವುದು ಎಂದರ್ಥ (ಕನ್ನಡದ ‘ತೂರು’ವಿಗೆ ಅದು ಹತ್ತಿರವೆನಿಸುವುದು ಕೇವಲ ಆಕಸ್ಮಿಕ). ಹರಕೆ ‘ಹಾದುಹೋಗಲಿ’, ಅಂದರೆ ಕೈಗೂಡಲಿ ಎಂದೋ, ಕೈಗೂಡಿತು ಎಂದೋ ಬಾಗಿಲು ನಿಲ್ಲಿಸುವ ಈ ಪದ್ಧತಿ ಎದೋ ಕಾಲದಲ್ಲಿ, ಎಂದರೆ 1603ರಿಂದ 1868ರ ನಡುವಣ ಅವಧಿಯಲ್ಲಿ, ಜನರಲ್ಲಿ ಹಬ್ಬಿತು.

ಹೀಗೆ ನೋಡಿದವನು ಇದು ವರ್ತಕರ ದೇವಸ್ಥಾನವೆಂದು ತೀರ್ಮಾನಿಸಿ ಹಿಂದಿರುಗುವುದು ಸಹಜ. ಇಂದು ಜಪಾನಿನ ಪಟ್ಟಣಗಳಲ್ಲಿ ಅದರ ಖ್ಯಾತಿಯೂ ಹಾಗೆಯೇ ಇದೆ. ಆದರೆ ದೇಗುಲದ ಆವರಣದಲ್ಲಿಯೇ ಗದ್ದೆಯೊಂದುಂಟು. ಬಾಗಿಲುಗಳ ಮುಂದೆ ಚಿತ್ರ ತೆಗೆಸಿಕೊಳ್ಳುವ ಗುಂಪು ಅತ್ತ ಸುಳಿಯುವುದು ಕಡಿಮೆ. ಚಿಕ್ಕ ಗದ್ದೆ; ಒಂದು ಕುಟುಂಬದ ಹೊಟ್ಟೆಯನ್ನೂ ವರ್ಷವಿಡೀ ತುಂಬಲಾರದು. ಅದು ಇನಾರಿ ದೇವತೆಯ ಸ್ವಂತ ಗದ್ದೆ. ದೇವತೆಯ ಮೊದಲ ಕಸುಬು ಬತ್ತ.

ಜಪಾನೀಯರ ನಾಡಧರ್ಮವಾದ ಶಿಂತೋದಲ್ಲಿ ದೇವತೆಗಳಿಗೆ ಲೆಕ್ಕವಿಲ್ಲ. ಬೆಟ್ಟ, ಮರ, ನೀರು, ಬೆಳೆ ಎಲ್ಲದರಲ್ಲಿಯೂ ದೈವವುಂಟು. ಇನಾರಿಯ ಮುಖ್ಯ ದೇವತೆಯ ಹೆಸರು ಉಕನೊಮಿತಮ. ‘ಉಕ’ ಎಂದರೆ ಆಹಾರ. ‘ಮಿತಮ’ ಎಂದರೆ ಪೂಜ್ಯವಾದ ಚೇತನ. 712ರಲ್ಲಿ ಸಿದ್ಧವಾದ ‘ಕೊಜಿಕಿ’ ಎಂಬ ಪುರಾತನ ಗ್ರಂಥದಲ್ಲಿಯೇ ಈ ಹೆಸರು ಬರುತ್ತದೆ. ಈ ದೇವತೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬತ್ತದ ಹೊರೆ ಹೊತ್ತ ಮುದುಕನಾಗಿಯೂ, ಕೇಶರಾಶಿಯ ತರುಣಿಯಾಗಿಯೂ ಚಿತ್ರಕಾರರು ಬರೆದಿದ್ದಾರೆ. ಭಕ್ತರಿಗೆ ಅದರಿಂದ ತೊಡಕೇನೂ ಆದಂತಿಲ್ಲ.

ದೇಗುಲದ ಹುಟ್ಟಿನ ಕಥೆ ಸ್ವಾರಸ್ಯವಾದುದು. ಅದು ಸಿಗುವುದು ಯಮಾಶಿರೋ ಪ್ರಾಂತದ ಹಳೆಯ ಸ್ಥಳವೃತ್ತಾಂತವೊಂದರ ಉಳಿದ ತುಣುಕಿನಲ್ಲಿ. ಕೊರಿಯಾದ ಕಡೆಯಿಂದ ಬಂದು ನೆಲೆಸಿದ ಹತಾ ಎಂಬ ವಂಶದವರು ಈ ಸೀಮೆಯಲ್ಲಿ ಪ್ರಬಲರಾಗಿದ್ದರು. ಹೊಳೆಗೆ ಅಡ್ಡಕಟ್ಟೆ ಕಟ್ಟುವುದು, ರೇಷ್ಮೆ ನೇಯುವುದು, ಇವು ಅವರಿಗೆ ಕರಗತವಾದ ವಿದ್ಯೆಗಳು. ಆ ವಂಶದ ಹತಾ ನೊ ಇರೊಗು ಎಂಬವನ ಕಣಜಗಳಲ್ಲಿ ಬತ್ತ ತುಂಬಿ ತುಳುಕುತ್ತಿತ್ತು. ಸಿರಿ ತಲೆಗೇರಿತು. ಒಂದು ದಿನ ಅವನು ಅಕ್ಕಿಯನ್ನು ಕುಟ್ಟಿ ಮಾಡಿದ ಕಡುಬನ್ನು ನಿಲ್ಲಿಸಿ, ಅದನ್ನೇ ಗುರಿಯಾಗಿಟ್ಟುಕೊಂಡು ಬಾಣ ಬಿಟ್ಟನು. ಬಾಣ ತಾಗಿದ ಕಡುಬು ಬಿಳಿಯ ಹಕ್ಕಿಯಾಗಿ ಹಾರಿತು. ಹಾರಿ ಹೋಗಿ ಬೆಟ್ಟದ ತುದಿಯಲ್ಲಿ ಇಳಿಯಿತು. ಇಳಿದ ತಾವಿನಲ್ಲಿ ಬತ್ತ ಬೆಳೆಯಿತು. ‘ಇನೆ’ ಎಂದರೆ ಬತ್ತ, ‘ನರಿ’ ಎಂದರೆ ಆಯಿತು, ಬೆಳೆಯಿತು. ಇನಾರಿ ಎಂಬ ಹೆಸರು ಬಂದುದು ಹೀಗೆ ಎಂದು ಆ ಕಥೆ ಹೇಳುತ್ತದೆ. ಅವನ ಮುಂದಿನ ಪೀಳಿಗೆಯವರು ಹಿರಿಯನ ತಪ್ಪಿಗೆ ಪಶ್ಚಾತ್ತಾಪಪಟ್ಟು, ಗುಡಿಯ ಬಳಿಯ ಮರವನ್ನು ಬೇರುಸಹಿತ ತಂದು ಮನೆಯ ಬಳಿ ನೆಟ್ಟು ಪೂಜಿಸಿದರು. ನೆಟ್ಟ ಮರ ಬೇರುಬಿಟ್ಟರೆ ಭಾಗ್ಯ, ಒಣಗಿದರೆ ಅಭಾಗ್ಯ.

ಹಕ್ಕಿ ಇಳಿದ ವರ್ಷ 711 ಎಂದೂ, ತಿಂಗಳು ಎರಡನೆಯದೆಂದೂ, ದಿನ ಅವರ ಪಂಚಾಂಗದ ಮೊದಲ ‘ಕುದುರೆಯ ದಿನ’ವೆಂದೂ ಸಂಪ್ರದಾಯ ನಂಬುತ್ತದೆ. ಇಂದಿಗೂ ಫೆಬ್ರವರಿಯ ಮೊದಲ ಕುದುರೆಯ ದಿನದಂದು ಬರುವವರು ದೇವದಾರು ಜಾತಿಯ ಮರದ ಸಣ್ಣ ರೆಂಬೆಯೊಂದನ್ನು ಪ್ರಸಾದವಾಗಿ ಮನೆಗೆ ಕೊಂಡೊಯ್ಯುತ್ತಾರೆ. ಅದು ಆ ಹಳೆಯ ಮರದ ನೆನಪು.

ಅನ್ನಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನಕ್ಕೆ ಈ ಕಥೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೆಚ್ಚಿನ ಸ್ಥಳಪುರಾಣಗಳು ಭಕ್ತನ ಹಿರಿಮೆಯಿಂದ ಮೊದಲಾಗುತ್ತವೆ. ಇದು ಅನ್ನದ ಅವಮಾನದಿಂದ ಮೊದಲಾಗುತ್ತದೆ.

ಗುಡಿಯ ಇಕ್ಕೆಲಗಳಲ್ಲಿ ಸಿಂಹಗಳಿರಬೇಕಾದ ಸ್ಥಾನದಲ್ಲಿ ಇಲ್ಲಿ ನರಿಗಳಿವೆ. ಕಲ್ಲಿನ ನರಿ, ಕಂಚಿನ ನರಿ, ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡ ಮರಿನರಿ. ಕೆಲವು ಬಾಯಲ್ಲಿ ಬತ್ತದ ತೆನೆಯನ್ನೂ, ಕೆಲವು ಉಗ್ರಾಣದ ಬೀಗದ ಕೈಯನ್ನೂ ಕಚ್ಚಿಕೊಂಡಿವೆ. ನರಿಯೇ ದೇವರೆಂದು ತಿಳಿದುಕೊಳ್ಳುವ ಪ್ರವಾಸಿಗಳುಂಟು. ಅದು ಸರಿಯಲ್ಲ, ನರಿ ದೇವತೆಯ ದೂತ. ಹಳ್ಳಿಗರ ನಂಬಿಕೆಯಂತೆ ವಸಂತದಲ್ಲಿ ದೈವವು ಬೆಟ್ಟದಿಂದಿಳಿದು ಗದ್ದೆಗೆ ಬರುತ್ತದೆ, ಸುಗ್ಗಿ ಮುಗಿದ ಮೇಲೆ ಮರಳಿ ಬೆಟ್ಟಕ್ಕೆ ಹೋಗುತ್ತದೆ. ಅದೇ ಋತುಗಳಲ್ಲಿ ಬದುಗಳ ಮೇಲೆ ನರಿಗಳು ಕಾಣಿಸಿಕೊಂಡದ್ದೇ ಈ ನಂಟಿಗೆ ಕಾರಣವಿರಬಹುದು. ಬತ್ತವನ್ನು ತಿನ್ನುವ ಇಲಿಗಳನ್ನು ಅವು ತಿನ್ನುತ್ತವೆಂಬುದೂ ರೈತನಿಗೆ ಗೊತ್ತಿದ್ದ ಸಂಗತಿ. ಅವಕ್ಕೆ ಇಷ್ಟವೆಂದು ಭಕ್ತರು ನೀಡುವುದು ಎಣ್ಣೆಯಲ್ಲಿ ಕರಿದ ಸೋಯಾ ಗಿಣ್ಣು. ಅಂಥದೇ ಕರಿದ ಚೀಲದೊಳಗೆ ಅನ್ನ ತುಂಬಿದ ತಿಂಡಿಗೆ ದೇಶದಾದ್ಯಂತ ಇನಾರಿಯ ಹೆಸರೇ ನಿಂತಿದೆ.

ನರಿಯ ವಿಷಯದಲ್ಲಿ ಭಾರತಕ್ಕೂ ಒಂದು ಪಾಲುಂಟು. ನಮ್ಮ ತಂತ್ರಶಾಸ್ತ್ರಗಳ ಡಾಕಿನಿ ಬೌದ್ಧಧರ್ಮದ ಜೊತೆಗೆ ಚೀನಾವನ್ನು ಹಾದು ಜಪಾನಿಗೆ ಹೋಗಿ, ಅಲ್ಲಿ ‘ದಾಕಿನಿತೆನ್’ ಎಂಬ ಹೆಸರಿನಿಂದ ಬಿಳಿಯ ನರಿಯನ್ನೇರಿದ ದೇವಿಯಾದಳು. ಇಲ್ಲಿ ಶ್ಮಶಾನದಲ್ಲಿ ಅಲೆದು ಮಕ್ಕಳನ್ನು ಹೆದರಿಸುತ್ತಿದ್ದವಳು ಅಲ್ಲಿ ಬೆಳೆಯ ದೇವತೆಯೊಡನೆ ಒಂದಾಗಿ ಸಿರಿಯನ್ನು ಕೊಡುವವಳೆನಿಸಿಕೊಂಡಳು. 1868ರಲ್ಲಿ ಹೊಸ ಸರಕಾರವು ಶಿಂತೋ ಮತ್ತು ಬೌದ್ಧ ಪೂಜೆಗಳನ್ನು ಬೇರೆ ಬೇರೆ ಮಾಡಬೇಕೆಂದು ಆಜ್ಞೆ ಹೊರಡಿಸಿದಾಗ ಫುಶಿಮಿಯಿಂದ ಬೌದ್ಧ ಕುರುಹುಗಳು ಹೊರಬಿದ್ದವು. ಆದರೆ ಐಚಿ ಪ್ರಾಂತದ ತೊಯೊಕಾವಾ ಇನಾರಿ ಇಂದಿಗೂ ಝೆನ್ ಪಂಥದ ಬೌದ್ಧ ಮಂದಿರವೇ. ಅಲ್ಲಿ ಪೂಜೆಗೊಳ್ಳುವವಳು ಡಾಕಿನಿಯೇ.

ಇತಿಹಾಸವು ಈ ಬೆಟ್ಟವನ್ನು ಸುಮ್ಮನೆ ಬಿಟ್ಟಿಲ್ಲ. ಸಮೀಪದ ತೋಜಿ ಮಂದಿರದ ಗೋಪುರಕ್ಕಾಗಿ ಇಲ್ಲಿಯ ಮರಗಳನ್ನು ಕಡಿದ ತಪ್ಪಿಗೆ ಚಕ್ರವರ್ತಿ ಜುನ್ನನು ಕಾಯಿಲೆ ಬಿದ್ದನೆಂದು ಶಕುನ ನುಡಿದದ್ದರಿಂದ, 827ರಲ್ಲಿ ದೇವತೆಗೆ ಆಸ್ಥಾನದ ಪದವಿಯನ್ನು ಕೊಟ್ಟು ಸಮಾಧಾನಪಡಿಸಲಾಯಿತು. 1468ರಲ್ಲಿ ಓನಿನ್ ಯುದ್ಧದ ಬೆಂಕಿ ಎಲ್ಲವನ್ನೂ ನುಂಗಿತು. ಈಗಿರುವ ಮುಖ್ಯ ಮಂದಿರವು 1499ರದು.

ಅದರ ಮುಂದಿನ ಮಹಾದ್ವಾರದ ಕಥೆಯನ್ನು ಮಾತ್ರ ತುಸು ನಿಂತು ಕೇಳಬೇಕು. ತೊಯೊತೊಮಿ ಹಿದೆಯೋಶಿ ರೈತನ ಮಗನಾಗಿ ಹುಟ್ಟಿ ಇಡಿಯ ಜಪಾನಿಗೆ ಒಡೆಯನಾದವನು. ಅವನ ತಾಯಿ ಹಾಸಿಗೆ ಹಿಡಿದಳು. ಅವನು ಇನಾರಿಗೆ ಬರೆದ ಹರಕೆಯ ಪತ್ರ ವ್ಯಾಪಾರದ ಮಾತಿನಂತಿದೆ. ತಾಯಿಗೆ ಮೂರು ವರ್ಷ ಆಯುಸ್ಸು ಬೇಕು; ಆಗದಿದ್ದರೆ ಎರಡು ವರ್ಷ; ಅದೂ ಆಗದಿದ್ದರೆ ಮೂವತ್ತು ದಿನಗಳಾದರೂ ಸಾಕು. ಬದಲಿಗೆ ಹತ್ತು ಸಾವಿರ ‘ಕೊಕು’ ಅರ್ಪಿಸುವೆನೆಂದು ಮಾತು. ಒಂದು ಕೊಕು ಎಂದರೆ ಸುಮಾರು 150 ಕಿಲೋ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟವೆಂದು ಅಂದಿನ ಎಣಿಕೆ. ಗುಣವಾದುದಕ್ಕೆ ಕಟ್ಟಿಸಿದ ದ್ವಾರ ಇದೆಂದು ಜನ ಹೇಳುತ್ತಿದ್ದರು. 1973ರಲ್ಲಿ ದುರಸ್ತಿಗಾಗಿ ಅದನ್ನು ಬಿಚ್ಚಿದಾಗ 1589ರ ವರ್ಷವನ್ನು ಸೂಚಿಸುವ ಮಸಿಯ ಬರಹ ತೊಲೆಗಳಲ್ಲಿ ದೊರೆತು, ಜನರ ಮಾತಿಗೆ ಆಧಾರ ಸಿಕ್ಕಿತು. ತಾಯಿ ತೀರಿಕೊಂಡದ್ದು 1592ರಲ್ಲಿ.

ಹರಕೆಯನ್ನು ಅಕ್ಕಿಯಲ್ಲಿ ಅಳೆದದ್ದು ವಿಶೇಷವಲ್ಲ. ಆ ಕಾಲದಲ್ಲಿ ಎಲ್ಲವೂ ಅಕ್ಕಿಯ ಅಳತೆಯಲ್ಲಿಯೇ ಇತ್ತು. ಸಾಮಂತನ ಸೀಮೆ ಇಷ್ಟು ಕೊಕು, ಸೈನಿಕನ ಸಂಬಳ ಇಷ್ಟು ಕೊಕು, ರೈತನ ಕಂದಾಯ ಇಷ್ಟು ಕೊಕು. ಆ ಅಕ್ಕಿ ಒಸಾಕಾದ ಉಗ್ರಾಣಗಳಿಗೆ ಬಂದು ಮಾರಾಟವಾಗುತ್ತಿತ್ತು. 1730ರಲ್ಲಿ ಅಲ್ಲಿಯ ದೋಜಿಮಾ ಪೇಟೆಯಲ್ಲಿ ಇನ್ನೂ ಕೈಗೆ ಬಾರದ ಅಕ್ಕಿಯ ಮುಂಗಡ ವ್ಯಾಪಾರಕ್ಕೂ ಸರಕಾರದ ಸಮ್ಮತಿ ದೊರೆಯಿತು. ಬತ್ತದ ದೇವತೆ ವರ್ತಕರ ದೇವತೆಯಾದ ರಹಸ್ಯ ಇಲ್ಲಿದೆ. ದೇವತೆ ಬದಲಾಗಲಿಲ್ಲ, ಅಕ್ಕಿಯೇ ನಾಣ್ಯವಾಗಿತ್ತು. ಎದೋ ಪಟ್ಟಣದಲ್ಲಿ ಎಲ್ಲೆಲ್ಲಿಯೂ ಕಾಣುವ ಮೂರು ವಸ್ತುಗಳೆಂದರೆ ‘ಇಸೆಯಾ’ ಹೆಸರಿನ ಅಂಗಡಿ, ಇನಾರಿಯ ಗುಡಿ, ನಾಯಿಯ ಹೇಲು ಎಂದು ಅಲ್ಲಿಯವರು ನಗೆಯಾಡುತ್ತಿದ್ದರಂತೆ. ಇಂದು ದೇಶದಲ್ಲಿ ಇನಾರಿಯ ಗುಡಿಗಳು ಮೂವತ್ತು ಸಾವಿರಕ್ಕೂ ಮೇಲ್ಪಟ್ಟಿವೆಯೆಂದು ಎಣಿಕೆ. ಕೆಲವು ದೊಡ್ಡ ಮಳಿಗೆಗಳ ಮಾಳಿಗೆಯ ಮೇಲೂ ಇವೆ.

ಬೆಳೆಯ ಫಲವಂತಿಕೆಗೂ ಬಸಿರಿಗೂ ದೂರವೇನಿಲ್ಲ. ಜಪಾನೀಯರು ಮಿಂಚನ್ನು ‘ಇನಜುಮ’ ಎಂದು ಕರೆಯುತ್ತಾರೆ. ಶಬ್ದಾರ್ಥ ಬತ್ತದ ಸಂಗಾತಿ ಎಂದು. ಹೊಡೆ ಬಿಚ್ಚುವ ಕಾಲದಲ್ಲಿ ಮಿಂಚು ಹೊಡೆದರೆ ಪೈರು ಬಸಿರಾಗಿ ಕಾಳು ಕಟ್ಟುತ್ತದೆಂಬುದು ಅವರ ಹಿಂದಿನವರ ಭಾವನೆ. ಬೆಟ್ಟದ ಬುಡದಲ್ಲಿ ಹೆರಿಗೆಯ ಇನಾರಿಯೆಂಬ ಚಿಕ್ಕ ಗುಡಿಯೊಂದಿದೆ. ದೊಡ್ಡ ಬಾಗಿಲುಗಳ ಗದ್ದಲ ಅಲ್ಲಿಗಿಲ್ಲ. ಗರ್ಭಿಣಿಯರ ಮನೆಯವರು ಅಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡನ್ನು ಆರಿಸಿ ಒಯ್ಯುತ್ತಾರೆ. ನೋವು ಬಂದಾಗ ಅದನ್ನು ಹಚ್ಚಿದರೆ, ಅದು ಉರಿದು ಮುಗಿಯುವುದರೊಳಗೆ ಹೆರಿಗೆಯಾಗುವುದೆಂಬ ನಂಬಿಕೆ. ಆದ್ದರಿಂದ ತುಂಡು ಎಷ್ಟು ಮೋಟೋ ಅಷ್ಟು ಒಳ್ಳೆಯದು. ಬೆಟ್ಟದಲ್ಲಿರುವ ಕಂಬಗಳೆಲ್ಲ ಒಟ್ಟಾಗಿ ಹೇಳಲಾರದ ಮಾತನ್ನು ಆ ಬೆರಳುದ್ದದ ಮೇಣ ಹೇಳುತ್ತದೆ.

ಗದ್ದೆಯ ವರ್ಷ ಏಪ್ರಿಲ್ 12ರಂದು ಮೊದಲಾಗುತ್ತದೆ. ಅಂದು ಅರ್ಚಕರು ಮಂತ್ರಪೂರ್ವಕವಾಗಿ ಸಸಿಮಡಿಯಲ್ಲಿ ಬಿತ್ತುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ, ಜೂನ್ 10ರಂದು ನಾಟಿ. ಹಳೆಯ ಆಸ್ಥಾನದ ಉಡುಪಿನಲ್ಲಿ ದೇವಸೇವಿಕೆಯರು ಮೆಲ್ಲಗೆ ಕುಣಿಯುತ್ತಿರಲು, ನಾಟಿಯವರು ಕೆಸರಿಗಿಳಿದು ಸಾಲು ಹಿಡಿದು ನೆಡುತ್ತಾರೆ. ಯಂತ್ರ ಆ ಗದ್ದೆಗೆ ಬರುವುದಿಲ್ಲ. ಅಕ್ಟೋಬರ್ 25ರಂದು ಕುಡುಗೋಲಿನಿಂದ ಕೊಯ್ಲು. ನವೆಂಬರ್ 23ರಂದು ಹೊಸ ಅಕ್ಕಿಯನ್ನು ದೇವತೆಗೆ ಅರ್ಪಿಸುತ್ತಾರೆ. ಅದೇ ದಿನ ತೋಕಿಯೋದ ಅರಮನೆಯಲ್ಲಿ ಚಕ್ರವರ್ತಿಯೂ ಹೊಸ ಅಕ್ಕಿಯನ್ನು ದೇವರಿಗಿಟ್ಟು ತಾನೂ ಸೇವಿಸುತ್ತಾನೆ. 1948ರ ಕಾಯಿದೆಯಿಂದ ಆ ದಿನದ ರಜೆಗೆ ‘ದುಡಿಮೆಗೆ ಕೃತಜ್ಞತೆಯ ದಿನ’ವೆಂಬ ಹೊಸ ಹೆಸರು ಬಂದಿತು, ಅಕ್ಕಿಯ ಮಾತು ಹೆಸರಿನಿಂದ ಬಿದ್ದುಹೋಯಿತು.

ಬಿದ್ದುಹೋದದ್ದು ಹೆಸರಿನಿಂದ ಮಾತ್ರವೇ? 1962ರಲ್ಲಿ ಜಪಾನಿನ ಒಬ್ಬೊಬ್ಬನೂ ವರ್ಷಕ್ಕೆ ಸರಾಸರಿ 118 ಕಿಲೋ ಅಕ್ಕಿ ಉಣ್ಣುತ್ತಿದ್ದನು. 2022ರ ಹೊತ್ತಿಗೆ ಅದು 51 ಕಿಲೋದ ಆಸುಪಾಸಿಗೆ ಇಳಿದಿತ್ತು. ರೊಟ್ಟಿ, ಮಾಂಸ, ಹಾಲು ಆ ಜಾಗವನ್ನು ಹಿಡಿದವು. ಉಣ್ಣುವವರಿಲ್ಲದೆ ಕಣಜಗಳು ತುಂಬಿದಾಗ ಸರಕಾರವೇ 1970ರ ಸುಮಾರಿಗೆ ಬತ್ತ ಬೆಳೆಯದಿರಲು ರೈತರಿಗೆ ಹಣ ಕೊಡತೊಡಗಿತು. ಗದ್ದೆಗಳನ್ನು ತಗ್ಗಿಸುವ ಆ ಏರ್ಪಾಡು 2018ರವರೆಗೆ ನಡೆಯಿತು. ಹತಾ ವಂಶದವನು ಮಿಕ್ಕಿದ ಅಕ್ಕಿಗೆ ಬಾಣ ಬಿಟ್ಟನು. ಇವರು ಬಾಣದ ಬದಲು ಲೇಖನಿ ಹಿಡಿದರು ಎಂದು ಯಾರಾದರೂ ಅಂದರೆ ಅದು ಪೂರ್ತಿ ನ್ಯಾಯವಾಗದು. ಕೊಳ್ಳುವವರಿಲ್ಲದ ಬೆಳೆಯಿಂದ ರೈತನೇ ಸಾಯುತ್ತಿದ್ದನು. ಆದರೂ ಅರ್ಧ ಶತಮಾನ ಬೆಳೆಯಬೇಡವೆಂದು ಹೇಳಿಸಿಕೊಂಡ ಮನೆಯಲ್ಲಿ ಮಗನು ನೇಗಿಲಿಗೆ ಬರುವುದು ಕಷ್ಟ. ಕೃಷಿಯನ್ನೇ ಮುಖ್ಯ ಕಸುಬಾಗಿ ಉಳ್ಳವರ ಸರಾಸರಿ ವಯಸ್ಸು 2020ರ ಗಣತಿಯಲ್ಲಿ 67.8 ವರ್ಷಗಳಾಗಿತ್ತು.

ಹಕ್ಕಿ ಹಾರಿದ್ದು ಪಟ್ಟಣದವರಿಗೆ ತಿಳಿದದ್ದು ತಡವಾಗಿ. 2023ರ ಬೇಸಗೆಯ ಉರಿ ಬೆಳೆಯ ಗುಣವನ್ನು ಕೆಡಿಸಿತು. 2024ರ ಆಗಸ್ಟಿನಲ್ಲಿ ಮಹಾಭೂಕಂಪದ ಮುನ್ನೆಚ್ಚರಿಕೆ ಹೊರಟು ಜನ ಗಾಬರಿಯಿಂದ ಕೊಂಡಿಟ್ಟುಕೊಂಡಾಗ ಎಷ್ಟೋ ಅಂಗಡಿಗಳಲ್ಲಿ ಅಕ್ಕಿಯ ಹಲಗೆಗಳು ಬರಿದಾದವು. ಐದು ಕಿಲೋ ಚೀಲದ ಬೆಲೆ 2025ರ ವಸಂತಕ್ಕೆ ನಾಲ್ಕು ಸಾವಿರ ಯೆನ್ ದಾಟಿತು. ಹಿಂದಿನ ವರ್ಷದ ಇಮ್ಮಡಿ. ಸರಕಾರ ಆಪತ್ಕಾಲದ ದಾಸ್ತಾನನ್ನು ಹೊರತೆಗೆಯಬೇಕಾಯಿತು. ಅಂತಹ ಹೊತ್ತಿನಲ್ಲಿ ಕೃಷಿಮಂತ್ರಿ ಎತೊ ತಕು ಅವರು, ತಾವು ಅಕ್ಕಿಯನ್ನು ಕೊಂಡದ್ದೇ ಇಲ್ಲ, ಬೆಂಬಲಿಗರು ಬೇಕಾದಷ್ಟು ತಂದುಕೊಡುತ್ತಾರೆ ಎಂದು ಸಭೆಯೊಂದರಲ್ಲಿ ನುಡಿದರು. ಜನರ ಸಿಟ್ಟು ಭುಗಿಲೆದ್ದಿತು. ಕೆಲವೇ ದಿನಗಳಲ್ಲಿ, 2025ರ ಮೇ 21ರಂದು, ಅವರು ಅಧಿಕಾರ ಬಿಡಬೇಕಾಯಿತು. ಜಪಾನಿನಲ್ಲಿ ಅಕ್ಕಿ ಸರಕಾರಗಳನ್ನು ನಡುಗಿಸಿದ್ದು ಇದೇ ಮೊದಲಲ್ಲ. 1918ರಲ್ಲಿ ತೊಯಾಮಾ ಕರಾವಳಿಯ ಬೆಸ್ತರ ಹೆಂಗಸರು ಅಕ್ಕಿಯ ಬೆಲೆಗಾಗಿ ಎಬ್ಬಿಸಿದ ಗಲಭೆ ದೇಶವೆಲ್ಲ ಹಬ್ಬಿ ತೆರಾಉಚಿ ಮಂತ್ರಿಮಂಡಲವೇ ಉರುಳಿತು.

ದೇಗುಲದ ಮುಂದಿನ ಬೀದಿಯಲ್ಲಿ ಸುಟ್ಟ ಗುಬ್ಬಚ್ಚಿಯನ್ನು ಮಾರುವುದು ಹಳೆಯ ರೂಢಿ. ಬತ್ತ ತಿನ್ನುವ ಕಳ್ಳನಿಗೆ ಶಿಕ್ಷೆ ಎಂದು ಅದಕ್ಕೆ ಸಮರ್ಥನೆ ಕೊಡುತ್ತಾರೆ. ಗದ್ದೆಯನ್ನೇ ಕಾಣದ ಪ್ರವಾಸಿಗಳು ಕುತೂಹಲದಿಂದ ಅದನ್ನು ಕೊಂಡು ರುಚಿ ನೋಡುವುದುಂಟು.

ಹೋಗುವವರು ಚೆರಿ ಹೂವಿನ ದಿನಗಳನ್ನೇ ಆರಿಸಬೇಕೆಂದಿಲ್ಲ. ನವೆಂಬರ್ 8ರಂದು ಹೋದರೆ ಬೇರೊಂದು ನೋಟ ಸಿಗುತ್ತದೆ. ಅಂದು ಮುಖ್ಯ ಮಂದಿರದ ಹಿಂದಣ ಅಂಗಳದಲ್ಲಿ ದೇವರ ಗದ್ದೆಯ ಹೊಸ ಹುಲ್ಲನ್ನು ಒಟ್ಟಿ ಬೆಂಕಿ ಹಚ್ಚುತ್ತಾರೆ. ನಾಡಿನ ಮೂಲೆಮೂಲೆಗಳಿಂದ ಬಂದ, ಹೆಸರೂ ಕೋರಿಕೆಯೂ ಬರೆದ ಲಕ್ಷಕ್ಕೂ ಮೀರಿದ ಮರದ ಕಡ್ಡಿಗಳನ್ನು ಅರ್ಚಕರು ಒಂದೊಂದೇ ಕಟ್ಟಾಗಿ ಅದಕ್ಕೆ ಎಸೆಯುತ್ತಾರೆ. ಮೊದಲು ಹತ್ತಿಕೊಳ್ಳುವುದು ಹುಲ್ಲು. ಹಸಿ ಎಲೆಗಳ ಹೊಗೆ ದಟ್ಟವಾಗಿ ಎದ್ದು ಕೆಂಬಾಗಿಲುಗಳ ಕಡೆಗೆ ಹರಿಯುತ್ತದೆ. ಅಲ್ಲಿ ಚಿತ್ರ ತೆಗೆಯುತ್ತಿದ್ದವರು ಕಣ್ಣುಜ್ಜಿಕೊಂಡು ಇದೇನೆಂದು ಇತ್ತ ತಿರುಗುತ್ತಾರೆ. ಪಕ್ಕದ ಗದ್ದೆಯಲ್ಲಿ ಆಗ ಕೂಳೆ ಮಾತ್ರ ಇರುತ್ತದೆ. ಏಪ್ರಿಲಿನವರೆಗೆ ಅಲ್ಲಿ ಕೆಲಸವಿಲ್ಲ.